ಏಳು ಮನೆ, ಎಂಟು ಗೋಡೆ

"ಕಾಯಿ ಹಾಕಿದ್ರೆ ಇರಾಣ ಅಂತ, ಸುಲಿದು ಬೀಜ ಹಾಕಿದ್ರೆ ಹೋಗಾಣ ಅಂತ," ಎಂದು ಬೋರಕ್ಕ ಮೊರದ ಮೇಲೆ ಟವೆಲ್ ಹೊದಿಸಿದಳು. "ಮನೆಗೊಂದು ಶೇಂಗಾ. ಯಾರು ಏನು ಹಾಕಿದ್ರು ಅಂತ ಮಾರಮ್ಮನೂ ನೋಡಬಾರ್ದು."

"ಅವಳಿಗೆ ಬೇರೆ ಕೆಲಸ ಐತೆ ಬಿಡು," ಎಂದಳು ತಿಪ್ಪೇರುದ್ರಮ್ಮ. ಯಾರೂ ನಗಲಿಲ್ಲ.

ಚಳ್ಳಕೆರೆಯ ಮುಚ್ಚಿದ ಎಣ್ಣೆ ಮಿಲ್ಲಿನ ಹಿಂದೆ, ಮೊಳಕಾಲ್ಮುರು ಕಡೆಯಿಂದ ಶೇಂಗಾ ಸುಲಿಯಲು ಬಂದವರು ಒಬ್ಬರ ಗೋಡೆಗೊಬ್ಬರು ಮನೆ ಒರಗಿಸಿ ಕಟ್ಟಿದ ಸಾಲು ಅದು. ಏಳು ಮನೆ, ಎಂಟು ಗೋಡೆ. ಮಿಲ್ಲಿನ ಚಿಮಣಿಯೊಳಗೆ ರಾಕ್ಷಸ ಮಲಗಿದ್ದಾನೆಂದು ಹೇಳಿ ಬೋರಕ್ಕ ಸಾಲಿನ ಮಕ್ಕಳನ್ನೆಲ್ಲ ಮಲಗಿಸುತ್ತಿದ್ದಳು. ಈಚೆಗೆ ಚಿಮಣಿ ಉರುಳಿಸಿದಾಗ ಪಾರಿವಾಳದ ಪುಕ್ಕ ಬಿಟ್ಟು ಏನೂ ಹೊರಬರಲಿಲ್ಲ. ಅಲ್ಲೀಗ ಲೇಔಟಿನ ಬೋರ್ಡು. ಏಜೆಂಟ ಒಂದೊಂದೇ ಮನೆಗೆ ಬಂದು, ಜಾಗ ಬಿಟ್ಟರೆ ಊರಾಚೆ ಶೆಡ್ಡು ಕೊಡಿಸುತ್ತೇನೆನ್ನುತ್ತಿದ್ದ. ಒಂದು ಮನೆಯವರು ಒಪ್ಪಿ ಕೆಡವಿಸಿದರೂ ಪಕ್ಕದವರಿಗೆ ಗೋಡೆ ಇರುವುದಿಲ್ಲ.

ಗೀತಮ್ಮನ ಗಂಡ ಗಂಗರಾಜುವಿಗೆ ಏಜೆಂಟ ಲೇಔಟಿನಲ್ಲಿ ವಾಚ್‌ಮನ್ ಕೆಲಸ ಕೊಡುತ್ತೇನೆಂದು ಹೊಸ ಖಾಕಿ ಅಂಗಿಯನ್ನೇ ತಂದುಕೊಟ್ಟಿದ್ದ. ಮಿಲ್ಲು ಮುಚ್ಚಿದ ಮೇಲೆ ಗಡ್ಡದ ಗೊಡವೆಗೇ ಹೋಗದಿದ್ದ ಗಂಗರಾಜು ಇವತ್ತು ನುಣ್ಣಗೆ ಬೋಳಿಸಿಕೊಂಡು ನಿಂತಿದ್ದ. "ಬೀಜ ಹಾಕು," ಎಂದು ಬೆಳಗ್ಗೆಯೇ ಹೇಳಿದ್ದ. ಗೀತಮ್ಮ ಹೂಂ ಎಂದಿರಲಿಲ್ಲ. ಅವಳ ಗೋಡೆಯಾಚೆ ಬೋರಕ್ಕ. ಹೆರಿಗೆ ನೋವಿನಲ್ಲಿ ಆ ಗೋಡೆಗೆ ಒಮ್ಮೆ ಗುದ್ದಿದ್ದಕ್ಕೇ ಮುದುಕಿ ಓಡಿ ಬಂದಿದ್ದಳು.

ತನ್ನ ಸರದಿ ಬಂದಾಗ ಗೀತಮ್ಮ ಮುಷ್ಟಿ ಬಿಚ್ಚಿದಳು. ಮಾತು ಕೇಳುತ್ತ ಕೂತಲ್ಲೇ ಬೆರಳುಗಳು ತಮ್ಮ ಪಾಡಿಗೆ ಕಾಯಿ ಸುಲಿದುಬಿಟ್ಟಿದ್ದವು. ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಕೈಯನ್ನು ಟವೆಲಿನ ಕೆಳಗೆ ತೂರಿಸಿದಳು.

ಬೋರಕ್ಕ ಟವೆಲ್ ಎತ್ತಿದಳು. ಆರು ಕಾಯಿ, ಒಂದು ಕಾಯಿಯ ಎರಡು ಬೀಜ.

"ಯಾರು ಅಂತ ಕೇಳಲ್ಲ," ಎಂದಳು.

"ಕೇಳೋದೇನೈತೆ? ಮದ್ವೆ ಗಂಡಿನಂಗೆ ಗಡ್ಡ ಬೋಳಿಸ್ಕೊಂಡು ನಿಂತೋರು ಯಾರು ನೋಡ್ರಿ," ಎಂದಳು ತಿಪ್ಪೇರುದ್ರಮ್ಮ.

ಗಂಗರಾಜು ಸಿಟ್ಟಾಗಲಿಲ್ಲ. ಹೆಂಡತಿಯತ್ತ ನೋಡಿದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಸಣ್ಣ ನಗು ಕಂಡಿತು. ಗೀತಮ್ಮನಿಗೆ ಅದನ್ನು ನೋಡಲಾಗಲಿಲ್ಲ.

"ಆ ಬೀಜ ನಂದೇ ಬೋರಕ್ಕ. ಕೈ ಸುಲಿದುಬಿಡ್ತು."

"ಹಾಕೋ ಮುಂಚೆ ನೋಡ್ಲಿಲ್ವೇನೇ?"

"ನೋಡ್ದೆ. ಸುಲಿದದ್ದು ಮತ್ತೆ ಮುಚ್ಚೋಕಾಗ್ಲಿಲ್ಲ."

ಬೋರಕ್ಕ ಮಡಿಲಿನಿಂದ ಇನ್ನೊಂದು ಕಾಯಿ ತೆಗೆದು ಗೀತಮ್ಮನ ಅಂಗೈಯಲ್ಲಿಟ್ಟಳು. ಟವೆಲನ್ನು ಹೆಗಲಿಗೆ ಹಾಕಿಕೊಂಡಳು, ಮೊರ ಮುಚ್ಚಲಿಲ್ಲ.

ಗೀತಮ್ಮ ಬೆರಳುಗಳನ್ನು ನೆಟ್ಟಗೆ ಚಾಚಿ ಹಿಡಿದು, ಗಂಡನ ಕಣ್ಣೆದುರೇ ಕಾಯಿಯನ್ನು ಹಾಗೇ ಮೊರಕ್ಕೆ ಜಾರಿಸಿದಳು. ಗಂಗರಾಜು ಗಲ್ಲ ಸವರಿಕೊಂಡು ಒಳಗೆ ಹೋದ.

ಅವಳು ಒಳಗೆ ಬಂದಾಗ ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಒಲೆ ಹೊತ್ತಿಸಿದಳು. ಗೋಡೆಯ ಆಚೆ ಕಡೆ ಬೋರಕ್ಕ ಚಟ್ನಿಪುಡಿಗೆ ಶೇಂಗಾ ಕುಟ್ಟತೊಡಗಿದಳು. ಅವನ ತಲೆಯ ಮೇಲೆ, ಗೋಡೆಯ ಮೊಳೆಗೆ ತೂಗುಹಾಕಿದ್ದ ಖಾಕಿ ಅಂಗಿ ಒಂದೊಂದು ಪೆಟ್ಟಿಗೂ ಸಣ್ಣಗೆ ಅಲುಗುತ್ತಿತ್ತು.