ಹುಲಗಪ್ಪನ ಚರಗ

ಕೋಣೆ ಬಿಸಿಮಾಡುವ ರೇಡಿಯೇಟರು ಮತ್ತೆ ಟಕ್ ಅಂದಿತು, ಮುದುಕರನ್ನು ಅದರ ಪಕ್ಕದಲ್ಲೇ ಕೂರಿಸಬೇಕೆಂದು ಈ ಶಾಲೆಯವರಿಗೆ ಯಾರು ಹೇಳಿದರೋ, ಒಂದು ತೊಡೆ ಸುಡುತ್ತಿದೆ, ಇನ್ನೊಂದು ಮರಗಟ್ಟಿದೆ, ಕುರ್ಚಿಯೋ ಮಕ್ಕಳ ಅಳತೆಯದು — ಮಹಾಲಿಂಗಪ್ಪ ಮಾಸ್ತರರಿಗೆ ಸಾಕುಬೇಕಾಗಿತ್ತು, ವಿಜಯಪುರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಹೇಳಿದವರು ಮಗನಿರುವ ಪರದೇಶದ ಕಿಂಗ್ಸ್‌ಬರಿಗೆ ಬಂದು ಮೊಮ್ಮಗಳ ಚರ್ಚಾಸ್ಪರ್ಧೆಗೆ ಕಿವಿ ಕೊಟ್ಟು ಕೂತಿದ್ದಾರೆ, ಅಮೆರಿಕದ ಅಂತರ್ಯುದ್ಧ ಮುಗಿಯಿತು, ಗುಲಾಮರ ಬಿಡುಗಡೆಯಾಯಿತು, ಒಡೆಯರ ಜಮೀನು ಅಲ್ಲಲ್ಲಿ ಅವರಿಗೆ ಹಂಚಿಯೂ ಆಯಿತು, ಆಮೇಲೆ ಅಧ್ಯಕ್ಷ ಒಡೆಯರನ್ನು ಕ್ಷಮಿಸಿ ಅದನ್ನೇ ಕಸಿದು ವಾಪಸು ಕೊಟ್ಟ, ಕೊಟ್ಟಿದ್ದು ಸರಿಯೋ ತಪ್ಪೋ, ತಲಾ ನಾಲ್ಕು ನಿಮಿಷ. ನಾಲ್ಕು ನಿಮಿಷವಂತೆ, ಚಹಾ ಸೋಸುವುದಕ್ಕೂ ಸಾಲದು. ಟೈ ಕಟ್ಟಿದ ಹುಡುಗ ಕೈ ಬೀಸಿ ಬೀಸಿ ಹೇಳುತ್ತಿದ್ದಾನೆ, ದೇಶ ಮೊದಲು ಒಂದಾಗಬೇಕು, ಗಾಯ ಮಾಯಬೇಕು, ನ್ಯಾಯ ಆಮೇಲೆ — ಯಾರ ಗಾಯವೋ ತಮ್ಮಾ, ಹೊಡೆದವನದೋ ಹೊಡೆಸಿಕೊಂಡವನದೋ, ಅದನ್ನಷ್ಟು ಹೇಳಿ ಇಳಿ — ಆದರೆ ಈ ಮಾತು ಎಲ್ಲೋ ಕೇಳಿದ್ದು, ಊರು ಒಂದಾಗಿ ಇರ್ಬೇಕು, ಉಳದದ್ದು ಆಮ್ಯಾಲೆ ನೋಡೋಣು, ಅಪ್ಪನ ದನಿ ಅದು, ಬನ್ನಿ ಮರದ ಕೆಳಗೆ ಕಂಬಳಿ ಹಾಸಿ ಕೂತವನದು. ಚಪ್ಪಾಳೆ. ಇದಕ್ಕೂ ಚಪ್ಪಾಳೆ ತಟ್ಟುತ್ತಾರಲ್ಲ ಇವರು.

ಈಗ ಸಾನ್ವಿ, ಹದಿನಾರರ ಮೊಮ್ಮಗಳು, ಕಸಿದದ್ದು ತಪ್ಪು ಎನ್ನುವ ಪಕ್ಷದವಳು, ಕೂದಲು ಕಿವಿಯ ಹಿಂದೆ ಸರಿಸಿ ನಿಂತಳು, ಪಕ್ಕದಲ್ಲಿ ಮಗ ಪ್ರಸಾದ ಫೋನೆತ್ತಿ ವಿಡಿಯೋ ಶುರು ಮಾಡಿದ, ಹುಡುಗಿ ಚೆನ್ನಾಗಿಯೇ ಹೇಳುತ್ತಿದ್ದಾಳೆ, ಭೂಮಿ ಇಲ್ಲದ ಬಿಡುಗಡೆ ಬರೀ ಕಾಗದ, ಭಲೆ, ಜಮೀನು ಕೊಟ್ಟರೆ ದೇಶ ಒಡೆಯುತ್ತದೆ ಅನ್ನುವುದು ಸುಳ್ಳು, ನನ್ನ ಬಳಿ ಸಾಕ್ಷಿ ಇದೆ — ಯಾವ ಸಾಕ್ಷಿ, ಬೇಡ ಮಗಳೇ — ನನ್ನ ಮುತ್ತಜ್ಜ ಜೀತದಾಳು ಹುಲಗಪ್ಪನಿಗೆ ತಾನಾಗಿ ಎರಡು ಎಕರೆ ಕೊಟ್ಟ, ಊರೇನೂ ಒಡೆಯಲಿಲ್ಲ. ಅಪ್ಪಾ, ಕೇಳ್ರಿ, ನಮ್ಮ ಮನಿ ಸುದ್ದಿ, ಪ್ರಸಾದ ಪಿಸುಗುಟ್ಟಿದ. ಕೇಳುವುದೇನು ಮಣ್ಣು, ಹೇಳಿದವನು ನಾನೇ. ಹದಿನೈದು ದಿನದ ಹಿಂದೆ ಅಡುಗೆಮನೆಯಲ್ಲಿ, ಅಜ್ಜಾ, ನಮ್ಮ ಫ್ಯಾಮಿಲಿ ಹತ್ರ ಸ್ಲೇವ್ಸ್ ಇದ್ರಾ, ಜೀತದ ಆಳು ಇದ್ದನವ್ವಾ, ಜೀತ ಬಿಡಿಸೂ ಕಾಯ್ದೆ ಬಂದ ವರ್ಷ ನಮ್ಮಪ್ಪ ಪಂಚರ ಮುಂದ ಅವಗ ಎರಡ ಎಕರೆ ಕೊಟ್ಟ, ವಾವ್ ಅಜ್ಜಾ, ಆ ವಾವ್‌ಗೆ ಮಾಸ್ತರರ ಬಾಯಿ ಅಲ್ಲೇ ನಿಂತುಹೋಯಿತು. ಅರ್ಧ ಪಾಠ. ಅರ್ಧ ಪಾಠ ಓದಿ ಬಂದವರನ್ನು ಮೂವತ್ತೊಂದು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವರು ಇವರು.

ಕೊಟ್ಟದ್ದು ತಹಸೀಲ್ದಾರರ ಹೆದರಿಕೆಗೆ, ಎರಡು ವರ್ಷಕ್ಕೆ ಸರ್ಕಾರ ಬದಲಾಯಿತು, ಅಧಿಕಾರಿಗಳ ಜೀಪು ಬರುವುದು ನಿಂತಿತು, ಆಗಲೇ ಎಳ್ಳ ಅಮಾವಾಸ್ಯೆ — ಸಜ್ಜೆಯ ಕಡುಬು, ಪುಂಡಿಪಲ್ಯ, ಅನ್ನ ಕಲಸಿ ಹೊಲದ ಯಜಮಾನ ಬೆಳೆಗೆಲ್ಲ ಚೆಲ್ಲುವ ದಿನ, ಅದೇ ಚರಗ, ಚೆಲ್ಲಿದ ಕೈ ಯಾರದೋ ಹೊಲವೂ ಅವರದು, ಊರಿಗೆ ಬೇರೆ ಕಾಗದ ಬೇಕಿರಲಿಲ್ಲ. ಇಪ್ಪತ್ತು ವರ್ಷ ನಮ್ಮ ಚರಗದ ಬುಟ್ಟಿ ಹೊತ್ತು ಹಿಂದೆ ಬರುತ್ತಿದ್ದ ಹುಲಗಪ್ಪ ಆವತ್ತು ಹೆಂಡತಿ ಕಟ್ಟಿಕೊಟ್ಟ ಗಂಟು ಬಿಚ್ಚಿ, ತನ್ನ ಎರಡೆಕರೆಯ ಬದುವಿನಲ್ಲಿ ನಿಂತು, ಮುಷ್ಟಿ ತುಂಬ ಎತ್ತಿದ, ಅಪ್ಪ ಕಂಬಳಿ ಬಿಟ್ಟು ಏಳಲೂ ಇಲ್ಲ, ಮಾಲಿಂಗ್ಯಾ, ಅವನ ಕೈ ಹಿಡಿ, ಅಂದ, ಹತ್ತೊಂಬತ್ತರ ಮಾಲಿಂಗ್ಯಾ, ಬಿ.ಎ. ಓದುವವನು, ಗುಲಾಮಗಿರಿಯ ಮೇಲೆ ಆರು ಪುಟ ಬರೆದು ತರಗತಿಗೆ ಮೊದಲು ಬಂದವನು, ಹೋಗಿ ಹಿಡಿದ. ಹುಲಗಪ್ಪ ಕೊಸರಲಿಲ್ಲ. ಕೊಸರಿದ್ದರೆ ಚೆನ್ನಾಗಿತ್ತು. ಸಣ್ಣ ಧಣ್ಯಾರ, ಅನ್ನ ಐತ್ರಿ ಕೈಯಾಗ, ಅಷ್ಟೇ ಅಂದ. ಎರಡೆಕರೆ ತಿರುಗಿ ನಮ್ಮದಾಯಿತು, ಮರುದಿನ ಬೆಳಗ್ಗೆ ಅವನು ಮತ್ತೆ ನಮ್ಮ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದ.

ಗಂಟೆ ಹೊಡೆಯಿತು, ಚಪ್ಪಾಳೆ, ಇದೇನು ಇಷ್ಟು ಚಪ್ಪಾಳೆ, ಸುಳ್ಳಿಗೆ ಪದಕ ಕೊಟ್ಟಾರು ಇವರು, ಸಾನ್ವಿ ವೇದಿಕೆಯಿಂದ ಅಜ್ಜನನ್ನೇ ನೋಡಿ ನಗುತ್ತಿದ್ದಾಳೆ, ಹೇಳಿದರೆ ಆ ನಗು ಹೋಯಿತು, ಇನ್ನು ಅಜ್ಜಾ ಅಂದಾಳೋ ಇಲ್ಲವೋ, ಹೇಳದಿದ್ದರೆ ಅವಳೂ ಹುಲಗಪ್ಪನ ಕೈ ಹಿಡಿದಂತೆ, ಗೊತ್ತಿಲ್ಲದೆ, ನನ್ನಿಂದ. ಸಭೆಯಿಂದ ಪ್ರಶ್ನೆಗಳಿದ್ದರೆ ಕೈ ಎತ್ತಿ, ಟೀಚರಮ್ಮ ಅಂದರು, ಅಪ್ಪಾ ಏನ್ ಮಾಡಾಕತ್ತೀರಿ, ಪ್ರಸಾದ ಅಂಗಿ ಜಗ್ಗಿದ, ಆಗಲೇ ಗೊತ್ತಾದದ್ದು ಬಲಗೈ ಮೇಲೆ ಹೋಗಿದೆ ಎಂದು. ಹೇಳಿ ಸರ್, ಹಿಂದಿನ ಸಾಲಿನವರು. ಎಲ್ಲರೂ ತಿರುಗಿದರು. ಕೊಟ್ಟದ್ದು ಖರೆ ಸಾನ್ವಿ, ಅಂದರು ಮಾಸ್ತರರು, ಕನ್ನಡದಲ್ಲೇ, ಆಮ್ಯಾಲೆ ನಾನು — ಕೈ ಮೇಲೇ ಇತ್ತು, ಅಂದು ಹಿಡಿದ ಆ ಸಣಕಲು ಮಣಿಕಟ್ಟು, ಬೆರಳ ಸಂದಿಯಿಂದ ಇಳಿಯುವ ಕಡುಬು, ಚೆಲ್ಲದೆ ನಿಂತ ಮುಷ್ಟಿ, ಅನ್ನ ಐತ್ರಿ ಕೈಯಾಗ