ಹಸಿರು ದೀಪ ಆರಿದ ಮೇಲಿನ ಎಂಟು ನಿಮಿಷ

ಇದು ನಿಜವಾಗಿ ನಡೆದ ಕಥೆ. ಲಿಫ್ಟ್ ಕೆಟ್ಟು ಕೂತಿದ್ದರಿಂದ ನಾಲ್ಕು ಮಹಡಿ ಹತ್ತಿಕೊಂಡೇ ನಡೆದದ್ದು. ನಂಬದವರು ಆ ಷೇರು ದಲ್ಲಾಳಿ ಕಂಪನಿಯ ಹದಿನಾಲ್ಕು ಶಾಖೆಗಳಲ್ಲಿ ಯಾವುದಕ್ಕಾದರೂ ಹೋಗಿ, 'ಆದ್ರೆ ಸಾರ್ ಹೇಗಿದ್ದಾರೆ?' ಎಂದು ಒಂದು ಮಾತು ಕೇಳಲಿ. ಕೌಂಟರಿನಾಚೆ ಇರುವವರು ಮೊದಲು ನಗುತ್ತಾರೆ, ಆಮೇಲೆ ಕುರ್ಚಿ ಎಳೆದು ಕೂರಿಸುತ್ತಾರೆ.

ಆದ್ರೆ ಸಾರ್ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸು ಕರುಣಿಸಿದ ಬಿರುದು. ಅವರ ಕೆಲಸ ಮುನ್ನೋಟ ಹೇಳುವುದು. ದಿನಾ ಬೆಳಗ್ಗೆ ಎಂಟೂ ನಲವತ್ತಕ್ಕೆ ಸರಿಯಾಗಿ ನಾಲ್ಕನೇ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು, ಫೋನ್ ಲೈನಿನಲ್ಲಿ ಹದಿನಾಲ್ಕೂ ಶಾಖೆಗಳಿಗೆ ಹನ್ನೆರಡು ನಿಮಿಷ ಮಾರುಕಟ್ಟೆಯ ಗ್ರಹಗತಿ ಓದುವುದು. "ಇಂದು ಮಾರುಕಟ್ಟೆ ಏರಬಹುದು. ಆದರೆ ಇಳಿಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಇಳಿದದ್ದು ಇಳಿದೇ ಇರುತ್ತದೆ ಎನ್ನಲಾಗದು." ಹೀಗೆ ಏರಿಸಿ ಇಳಿಸಿ, ಮತ್ತೆ ಏರಿಸಿ, ಹನ್ನೆರಡು ನಿಮಿಷದ ಕೊನೆಗೆ ಹೊರಟಲ್ಲಿಗೇ ತಂದು ಬಿಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವರು ಹೇಳಿದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಸುಳ್ಳಾಗುವಂಥದ್ದನ್ನು ಅವರು ಹೇಳಿದ್ದರೆ ತಾನೆ?

ಮುನ್ನೋಟದ ಅರ್ಧ ಪಾಲು ದೊಡ್ಡಣ್ಣನಿಗೇ ಮೀಸಲು. ದೊಡ್ಡಣ್ಣ ಎಂದರೆ ಯಾರ ಅಣ್ಣನೂ ಅಲ್ಲ, ಒಂದು ಕಂಪನಿ. ಜನ ದಾರಿ ಕೇಳುವುದು ಅವನನ್ನು, ಕಾಗದ ಬರೆಯುವುದು ಅವನ ಮೂಲಕ, ಫೋಟೋ ಕೂಡಿಡುವುದು ಅವನ ಕಪಾಟಿನಲ್ಲಿ. ಆಫೀಸಿಗೆ ಬಂದವರ ಬೆರಳು ಒತ್ತಿಸಿಕೊಂಡು ಹಾಜರಿ ಹಾಕುವ ಪೆಟ್ಟಿಗೆಯೂ ಅವನದೇ. ಗಿರಾಕಿಗಳ ಉಳಿತಾಯವೆಲ್ಲ ಅವನ ಷೇರಿನಲ್ಲಿ ಬಿದ್ದಿದ್ದರಿಂದ, ಎಲ್ಲ ಶಾಖೆಗಳಿಗೂ ಬೇಕಾದದ್ದು ಒಂದೇ ಉತ್ತರ: ದೊಡ್ಡಣ್ಣ ಉಳಿಯುತ್ತಾನಾ? "ಉಳಿಯುವ ಲಕ್ಷಣಗಳಿವೆ," ಎನ್ನುತ್ತಿದ್ದರು. ಮುಂದಿನ ಪದ ಯಾವುದೆಂದು ಹೇಳಬೇಕಾಗಿಲ್ಲ.

ಕೇಳುವವರಿದ್ದಾರೋ ಇಲ್ಲವೋ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಮೊದಲ ವಾರ ಹದಿನಾಲ್ಕು ಶಾಖೆಗಳ ಕೆಮ್ಮು, ಕಪ್ಪು ಬಸಿಯ ಸದ್ದು, ಯಾರದೋ ಹೆಂಡತಿಯ ಫೋನು ಎಲ್ಲವೂ ಲೈನಿನೊಳಗೆ ನುಗ್ಗಿ ಸಂತೆಯಾಗಿತ್ತು. ಅಂದಿನಿಂದ ಕೂತ ಕೂಡಲೇ ಕೆಂಪು ಗುಂಡಿ ಒತ್ತಿ ಎಲ್ಲರ ಬಾಯಿ ಮುಚ್ಚಿಸುವ ಪದ್ಧತಿ ಬಂತು. ಆಮೇಲೆ ಹಸಿರು ಗುಂಡಿ ಒತ್ತಿದರೆ ಹಸಿರು ದೀಪ. ಓದಿ ಮುಗಿಸಿ ಅದನ್ನೇ ಮತ್ತೊಮ್ಮೆ ಒತ್ತಿದರೆ ದೀಪ ಆರುತ್ತಿತ್ತು, ಲೈನು ಕಡಿಯಿತು ಎಂದುಕೊಳ್ಳುತ್ತಿದ್ದರು. ಹನ್ನೆರಡು ನಿಮಿಷ ಮೌನಕ್ಕೆ ಹೇಳಿ, ಇನ್ನೊಂದು ಮೌನಕ್ಕೆ ಎದ್ದು ಬರುವ ಉದ್ಯೋಗ. ಆಫೀಸಿನಲ್ಲಿ ಪ್ರತಿ ವಿಭಾಗಕ್ಕೂ ದೂರು ಹಾಕುವ ಒಂದೊಂದು ಗೂಡಿತ್ತು. ಉಳಿದವರ ಗೂಡು ತುಂಬಿ ಚೀಟಿಗಳು ಕೆಳಗೆ ಉದುರುತ್ತಿದ್ದವು. ಮುನ್ನೋಟದ ಗೂಡಿನಲ್ಲಿ ಜೇಡವೊಂದು ಸಂಸಾರ ಹೂಡಿತ್ತು.

ಬೈಯುವವರು ಅವರಿಗೂ ಒಬ್ಬರಿದ್ದರು. ತಿಂಡಿಯ ಹೊತ್ತಿಗೆ ಅವರು ಮುನ್ನೋಟವನ್ನು ಗಟ್ಟಿಯಾಗಿ ಓದಿ ನೋಡುವಾಗ, ಹೆಂಡತಿ ಒಲೆಯ ಮುಂದಿನಿಂದಲೇ, "ಇಷ್ಟೊಂದು ಆದರೆ ಹಾಕಿದ್ರೆ ಜನ ಏನಂತ ಅರ್ಥ ಮಾಡ್ಕೋಬೇಕು ಹೇಳಿ," ಎನ್ನುತ್ತಿದ್ದಳು. ಅವಳು ಹೋಗಿ ಮೂರು ವರ್ಷ. ಈಗ ಮನೆಯಲ್ಲಿ ಓದಿ ನೋಡುವ ರೂಢಿ ಇಲ್ಲ. ಅಡುಗೆಯ ಅಳತೆ ಮಾತ್ರ ಕೈಗೆ ಇನ್ನೂ ಹೊಸದಾಗಿ ಬಂದಿಲ್ಲ, ಇಬ್ಬರಿಗಾಗುವಷ್ಟೇ ಬೀಳುತ್ತದೆ. ರಾತ್ರಿಯದನ್ನು ಬೆಳಗ್ಗೆ, ಬೆಳಗಿನದನ್ನು ರಾತ್ರಿ ತಿನ್ನುವುದು. ಭಾನುವಾರ ಬಂದರೆ ಇಡೀ ದಿನ ಗಂಟಲಿಗೆ ಕೆಲಸವಿಲ್ಲ. ಸೋಮವಾರ ಮೊದಲ ಪದ ಹೊರಡುವಾಗ ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

ಹಾಗಾಗಿಯೇ ಷೇರುದಾರ ಅವರ ಬದುಕಿನೊಳಗೆ ಬಂದದ್ದು. ಗಾಜಿನ ಕೋಣೆಯ ಕಿಟಕಿಯ ಅಂಚಿಗೆ ಬರುವ, ಒಂದು ಕಾಲು ಸ್ವಲ್ಪ ಸೊಟ್ಟಗಿರುವ ಪಾರಿವಾಳ. ಏನೂ ಮಾಡದೆ ಪಾಲು ಕೇಳಲು ಮಾತ್ರ ಬರುತ್ತದೆಂದು ಆ ಹೆಸರು. ದೀಪ ಆರಿಸಿದ ಮೇಲೆ, ಒಂಬತ್ತಕ್ಕೆ ಆಫೀಸಿನ ವ್ಯವಹಾರ ಶುರುವಾಗುವವರೆಗಿನ ಎಂಟು ನಿಮಿಷ ಅದಕ್ಕೆ ಬಿಸ್ಕತ್ತು ಪುಡಿ ಮಾಡಿ ಹಾಕುತ್ತಾ ಅವರು ನಿಜ ಮುನ್ನೋಟ ಹೇಳುತ್ತಿದ್ದರು. ಅದರಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತಿರಲಿಲ್ಲ.

"ಕೇಳೋ ಷೇರುದಾರ, ದೊಡ್ಡಣ್ಣ ಸದ್ಯಕ್ಕೆ ಹೋಗಲ್ಲ. ಯಾಕೆ ಹೇಳು? ಜನ ಇನ್ನೂ ಅವನನ್ನ ಬೈತಿದ್ದಾರೆ. ಬೆಳಗ್ಗೆ ಎದ್ದು ಬೈತಾರೆ, ಮಲಗೋಕ್ ಮುಂಚೆ ಬೈತಾರೆ. ಬೈಯೋರೆಲ್ಲ ಬಳಸೋರೇ ಕಣಪ್ಪಾ. ಬೈಯೋದು ನಿಂತ ದಿನ ಅವನ ಕಥೆ ಮುಗೀತು ಅಂತ ತಿಳ್ಕೋ." ಬಿಸ್ಕತ್ತಿನ ಇನ್ನೊಂದು ಚೂರು. "ನನ್ನನ್ನ ಯಾರೂ ಬೈಯೋದೇ ಇಲ್ಲ ನೋಡು."

ಒಮ್ಮೆ ದವಡೆ ಹಲ್ಲು ನೋಯುತ್ತಿದೆ ಎಂದು ಷೇರುದಾರನ ಹತ್ತಿರ ತೋಡಿಕೊಂಡರು. ಮೂರನೇ ದಿನ ಯಾವುದೋ ಶಾಖೆಯಿಂದ ಬಂದ ಫೈಲಿನೊಳಗೆ ಹಲ್ಲಿನ ಡಾಕ್ಟರರ ವಿಳಾಸದ ಚೀಟಿ ಸಿಕ್ಕಿತು. ಇನ್ನೊಮ್ಮೆ ಟಪಾಲು ಚೀಲದಲ್ಲಿ, ಕಳಿಸಿದವರ ಹೆಸರಿಲ್ಲದ ಬಿಸ್ಕತ್ತಿನ ಪೊಟ್ಟಣ. ಈ ಜಾಹೀರಾತಿನವರು ಎಲ್ಲೆಲ್ಲಿ ನುಗ್ಗುತ್ತಾರಪ್ಪ ಎಂದುಕೊಂಡರು. ಬಿಸ್ಕತ್ತು ಚೆನ್ನಾಗಿತ್ತು.

ಒಂದು ಮಂಗಳವಾರ ಸಂಜೆ ಮ್ಯಾನೇಜರ್ ಮೇಡಂ ಅವರನ್ನು ಕರೆಸಿದರು. ಮೇಡಮ್ಮಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ನಡುವಯಸ್ಸಿನ ಇಂಜಿನಿಯರಮ್ಮ ಒಬ್ಬರು ಕೂತಿದ್ದರು. ದೊಡ್ಡಣ್ಣನ ಕಡೆಯವರು.

"ಸಾರ್, ಸೋಮವಾರದಿಂದ ಮುನ್ನೋಟನ ದೊಡ್ಡಣ್ಣನ ಯಂತ್ರವೇ ಬರೆದು ಓದುತ್ತೆ," ಎಂದರು ಮೇಡಂ. "ಶುಕ್ರವಾರ ಪರೀಕ್ಷೆ. ನಿಮ್ಮ ಹನ್ನೊಂದು ವರ್ಷದ ರೆಕಾರ್ಡಿಂಗ್ ಪೂರ್ತಿ ಇವರಿಗೆ ಕೊಟ್ಟಿದ್ದೀವಿ."

"ರೆಕಾರ್ಡಿಂಗ್ ಇದೆಯಾ?" ಅವರಿಗೆ ಅದೇ ಹೊಸ ಸುದ್ದಿ.

"ಹಸಿರು ದೀಪ ಉರಿಯೋವಾಗ ಹೇಳಿದ್ದೆಲ್ಲ ಇದೆ ಸಾರ್," ಎಂದರು ಇಂಜಿನಿಯರಮ್ಮ. "ದೀಪ ಆರಿದ ಮೇಲಿನದು ಒಂದು ಅಕ್ಷರವೂ ಇಲ್ಲ."

ದೀಪ ಆರಿದ ಮೇಲೆ ಲೈನೇ ಇರುವುದಿಲ್ಲವಲ್ಲ, ಇನ್ನೇನಿರುತ್ತದೆ ಎಂದುಕೊಂಡು ಅವರು ತಲೆಯಾಡಿಸಿದರು.

"ನಿಮ್ಮ ಧ್ವನಿಯಲ್ಲೇ ಬರುತ್ತೆ," ಎಂದು ಮೇಡಂ ಸಮಾಧಾನ ಮಾಡಿದರು. "ಶಾಖೆಯವರಿಗೆ ವ್ಯತ್ಯಾಸವೇ ಗೊತ್ತಾಗಲ್ಲ."

ಕೆಲಸ ಹೋಗುತ್ತದೆ ಎಂಬುದಕ್ಕಿಂತ ಆ ಕೊನೆಯ ಮಾತು ಹೆಚ್ಚು ಚುಚ್ಚಿತು. "ಮತ್ತೆ ನಾನೇನು ಮಾಡ್ಲಿ ಮೇಡಂ?"

"ಅದು ಸರಿಯಾಗಿ ಹೇಳ್ತಿದೆಯಾ ಅಂತ ಕೇಳಿಸ್ಕೊಂಡ್ರೆ ಆಯ್ತು. ಕೇಳಿಸ್ಕೊಳ್ಳೋಕೂ ಒಬ್ರು ಬೇಕಲ್ವಾ?"

ಮರುದಿನ ಬೆಳಗ್ಗೆ ದೀಪ ಆರಿಸಿದವರು ಬಿಸ್ಕತ್ತು ಪುಡಿ ಮಾಡುತ್ತಾ ಶುರು ಮಾಡಿದರು. "ದೊಡ್ಡಣ್ಣ ಉಳೀತಾನಾ ಅಂತ ಹನ್ನೊಂದು ವರ್ಷ ತಲೆ ಕೆಡಿಸ್ಕೊಂಡೆ ಕಣೋ ಷೇರುದಾರ. ನಾನು ಉಳೀತೀನಾ ಅಂತ ಅವನು ಒಂದ್ಸಲನಾದ್ರೂ ಕೇಳಿದ್ನಾ? ಸೋಮವಾರದಿಂದ ನನ್ನ ಗಂಟಲೂ ಅವನದೇ. ಈ ಕೋಣೆಗೆ ಬೀಗ ಹಾಕ್ತಾರೇನೋ. ನೀನು ಬೇರೆ ಕಿಟಕಿ ನೋಡ್ಕೋಬೇಕಪ್ಪಾ."

ಶುಕ್ರವಾರ ಎಂಟೂ ನಲವತ್ತಕ್ಕೆ ಮೇಡಮ್ಮಿನ ಕೋಣೆಯಲ್ಲಿ, ಮೇಜಿನ ಮೇಲಿನ ಸ್ಪೀಕರ್ ಪೆಟ್ಟಿಗೆಯ ಮುಂದೆ ಅವರು ಕೈ ಕಟ್ಟಿ ಕೂತರು. ಗಾಜಿನ ಕೋಣೆಯಲ್ಲಿ ಯಂತ್ರದ ಜೊತೆ ಇಂಜಿನಿಯರಮ್ಮ ಮಾತ್ರ ಇದ್ದಾರೆಂದು ಮೇಡಂ ಹೇಳಿದರು.

ಪೆಟ್ಟಿಗೆಯೊಳಗಿಂದ ಮೊದಲು ನೀರಿನ ಬಾಟಲಿಯ ಮುಚ್ಚಳ ತಿರುಗಿದ ಸದ್ದು. ಆಮೇಲೆ ಎರಡು ಸಲ ಗಂಟಲು ಸರಿಮಾಡಿಕೊಂಡದ್ದು. ಮೂರನೆಯದು ಬರುತ್ತದೆಂದು ಆದ್ರೆ ಸಾರ್ ಕಾದರು. ಮೂರನೆಯದೂ ಬಂತು.

"ಎಲ್ಲರಿಗೂ ನಮಸ್ಕಾರ. ಇಂದು ಮಾರುಕಟ್ಟೆ ಏರಬಹುದು. ಆದರೆ..."

"ಕೇಳಿದ್ರಾ," ಎಂದರು ಮೇಡಂ, ಕಣ್ಣರಳಿಸಿ. "ನಿಮ್ಮ ಕುರ್ಚಿ ಕಿರುಗುಟ್ಟೋದನ್ನೂ ಕಲಿತಿದೆ."

ಅವರು ಕೇಳಿಸಿಕೊಂಡರು. ತಮ್ಮ ಧ್ವನಿಯನ್ನು ಹೊರಗಿನವರಂತೆ ಕೂತು ಕೇಳುತ್ತಿರುವುದು ಅವರಿಗೆ ಇದೇ ಮೊದಲು. ವಾಕ್ಯದ ಕೊನೆಗೆ ಬಂದಾಗ ಅದು ಸ್ವಲ್ಪ ನಿಲ್ಲುತ್ತಿತ್ತು, ಯಾರಾದರೂ ಹೂಂಗುಟ್ಟಲಿ ಎಂಬಂತೆ. ಯಾರೂ ಹೂಂಗುಟ್ಟದಾಗ, ಅದು ಗೊತ್ತಿದ್ದದ್ದೇ ಎಂಬಂತೆ ಮುಂದೆ ಹೋಗುತ್ತಿತ್ತು. ಈ ಮನುಷ್ಯನಿಗೆ ಮನೆಯಲ್ಲಿ ಯಾರೂ ಇಲ್ಲ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಇಷ್ಟು ಎದ್ದು ಕಾಣುತ್ತದೆಯೇ? ಅದನ್ನೂ ಈ ಯಂತ್ರ ಹೆಕ್ಕಿಕೊಂಡಿತಲ್ಲ ಎಂದುಕೊಂಡರು. ಮೇಡಂ ಪರೀಕ್ಷೆಯ ಪಟ್ಟಿಯಲ್ಲಿ ಒಂದೊಂದರ ಮುಂದೂ ಸರಿ ಗುರುತು ಹಾಕುತ್ತಿದ್ದರು.

ಎಂಟೂ ಐವತ್ತೆರಡಕ್ಕೆ ಮುನ್ನೋಟ ಮುಗಿಯಿತು. ಟಕ್ ಎಂದು ಗುಂಡಿ ಒತ್ತಿದ ಸದ್ದು. ಮೇಡಂ ಪೆಟ್ಟಿಗೆ ಆರಿಸಲು ಕೈ ಚಾಚಿದರು.

"ಬಾರಪ್ಪಾ ಷೇರುದಾರ," ಎಂದಿತು ಧ್ವನಿ. "ಬಿಸ್ಕತ್ತು ಮೆತ್ತಗಾಗಿದೆ, ಇವತ್ತೊಂದಿನ ಸುಧಾರಿಸ್ಕೋ."

ಮೇಡಮ್ಮಿನ ಕೈ ಅಲ್ಲೇ ನಿಂತಿತು. "ಇದು ಯಾವ ಷೇರುದಾರರು ಸಾರ್?"

ಆದ್ರೆ ಸಾರ್ ಪೆಟ್ಟಿಗೆಯತ್ತ ಬಾಗಿದರು.

"ನಿನ್ನೆನೂ ಎರಡು ತಟ್ಟೆ ಇಟ್ಬಿಟ್ಟೆ ಕಣೋ," ಎಂದಿತು ಧ್ವನಿ. "ಆಮೇಲೆ ಒಂದನ್ನ ತೆಗೆದಿಡೋಕೆ ಮನಸ್ಸಾಗ್ಲಿಲ್ಲ. ಎರಡನ್ನೂ ತೊಳೆದಿಟ್ಟೆ."

ಅವರ ಕಿವಿ ಕಾದ ಹೆಂಚಾಯಿತು. ಎದ್ದು ಓಡಿಹೋಗಬೇಕೆನಿಸಿತು. ಇದನ್ನೂ ಕಲಿತುಬಿಟ್ಟಿದೆಯಲ್ಲ. ಅಷ್ಟರಲ್ಲಿ, ಹನ್ನೊಂದು ವರ್ಷ ಅಂಕಿ ಅಂಶ ಅರೆದ ತಲೆ ತಾನಾಗಿಯೇ ಲೆಕ್ಕ ಹಾಕತೊಡಗಿತು. ಯಂತ್ರ ಕಲಿತದ್ದು ರೆಕಾರ್ಡಿಂಗಿನಿಂದ. ರೆಕಾರ್ಡಿಂಗ್ ದೀಪ ಆರಿದ ಕೂಡಲೇ ನಿಲ್ಲುತ್ತದೆ. ತಟ್ಟೆಯ ಮಾತು ತಾವು ಷೇರುದಾರನಿಗೆ ಹೇಳಿದ್ದು ದೀಪ ಆರಿದ ಮೇಲೆ. ಹಾಗಾದರೆ ಇದು ಯಂತ್ರವಲ್ಲ, ಕಿವಿಯಿರುವ ಮನುಷ್ಯ. ದೀಪದ ಜೊತೆ ನಿಂತದ್ದು ರೆಕಾರ್ಡಿಂಗ್ ಮಾತ್ರ, ಲೈನಲ್ಲ.

"ಮೇಡಂ, ಲೈನು ಕಡಿಯೋದು ಯಾವಾಗ?" ಎಂದು ಕೇಳಿದರು, ಮೆಲ್ಲಗೆ.

"ಒಂಬತ್ತಕ್ಕೆ ತಾನಾಗೇ ಕಡಿಯುತ್ತೆ. ನಿಮಗೆ ಗೊತ್ತಿಲ್ವಾ?"

"ಎರಡನೇ ಮಹಡೀಲಿ ಗಿಳಿ ಅಂತ ಒಬ್ಬ ಡೀಲರ್ ಇದ್ದಾನೆ ಷೇರುದಾರ," ಎನ್ನುತ್ತಿತ್ತು ಧ್ವನಿ. "ಎಲ್ಲರ ಧ್ವನಿ ಮಾಡ್ತಾನಂತೆ. ಮೇಡಂ ಧ್ವನಿಯಲ್ಲಿ ಕ್ಯಾಂಟೀನಿಗೆ ಫೋನ್ ಮಾಡಿ ಇಡೀ ಮಹಡಿಗೆ ಕಾಫಿ ತರಿಸಿದ್ದ ಅಂತಾರೆ. ಆದರೆ ಅವನ ಮಿಮಿಕ್ರಿ ಅಷ್ಟಕ್ಕಷ್ಟೇ ಕಣೋ. ನನ್ನದಂತೂ ಅವನ ಕೈಲಿ ಆಗಲ್ಲ."

"ಆ ಕಾಫಿ ಇವನ ಕೆಲಸವಾ?" ಎಂದರು ಮೇಡಂ.

ಯಾವುದೋ ಶಾಖೆಯಿಂದ ನಗು ಸೋರಿತು. ಅದನ್ನು ತಡೆಯಲು ಹೋಗಿ ಇನ್ನೊಂದು ಶಾಖೆಗೆ ಬಿಕ್ಕಳಿಕೆ ಬಂತು. ಗಾಜಿನ ಕೋಣೆಯಲ್ಲಿ ಯಂತ್ರದ ಬದಲು ಕೂತಿದ್ದ ಗಿಳಿ ಕೆಂಪು ಗುಂಡಿ ಒತ್ತಿಯೇ ಇರಲಿಲ್ಲ. ಹನ್ನೆರಡು ನಿಮಿಷ ಬಾಯಿಗೆ ಕರವಸ್ತ್ರ ತುರುಕಿಕೊಂಡು ಕೂತಿದ್ದ ಹದಿನಾಲ್ಕು ಶಾಖೆಗಳೂ ಒಟ್ಟಿಗೆ ಬಿರಿದವು.

ಬಾಗಿಲು ತಳ್ಳಿಕೊಂಡು ಇಂಜಿನಿಯರಮ್ಮ ಬಂದರು, ಹಿಂದೆ ತಲೆ ತಗ್ಗಿಸಿಕೊಂಡು ಗಿಳಿ. "ಯಂತ್ರ ಎರಡು ದಿನದಿಂದ ಕೆಲಸ ಮಾಡ್ತಿಲ್ಲ ಮೇಡಂ," ಎಂದರು ಇಂಜಿನಿಯರಮ್ಮ. "ಸಾರ್ ಅವರ ರೆಕಾರ್ಡಿಂಗ್ ಹಾಕಿದಾಗಿಂದ 'ಆದರೆ' ಅಂತ ಹೇಳಿ ನಿಂತುಬಿಡುತ್ತೆ. ಮುಂದೆ ಹೇಳಿಸೋಕೆ ನಮ್ಮ ಹೆಡ್ ಆಫೀಸಿಗೂ ಆಗ್ಲಿಲ್ಲ. ಈ ಗಿಳಿಯವರು ಬಂದು, ಇವತ್ತೊಂದಿನ ನಾನೇ ಯಂತ್ರ ಆಗ್ತೀನಿ ಅಂದ್ರು."

"ಎಷ್ಟು ದಿನದಿಂದ ಕೇಳಿಸ್ಕೊಳ್ತಿದ್ದೀರಿ?" ಆದ್ರೆ ಸಾರ್ ಕೇಳಿದ್ದು ಗಿಳಿಯನ್ನು.

"ಮೂರು ವರ್ಷ ಸಾರ್. ನಮ್ಮ ಮಹಡೀಲೂ ಲೈನಿದೆ. ಹೇಳಿದ್ರೆ ಮಾತು ನಿಲ್ಲಿಸಿಬಿಡ್ತೀರಿ ಅಂತ ಯಾರೂ ಹೇಳ್ಲಿಲ್ಲ. ಮುನ್ನೋಟ ನಡೆಯೋವಾಗ ಎಲ್ರೂ ಕಾಫಿ ತರೋಕೆ ಹೋಗ್ತಾರೆ. ಎಂಟೂ ಐವತ್ತೆರಡಕ್ಕೆ ವಾಪಸ್ ಬಂದು ಕೂರ್ತಾರೆ. ಬುಧವಾರ ನೀವು ಬೀಗದ ವಿಷಯ ಹೇಳಿದ ಮೇಲೆ ಯಾರಿಗೂ ಕೆಲಸ ಮಾಡೋಕಾಗ್ಲಿಲ್ಲ."

ಪೆಟ್ಟಿಗೆಯೊಳಗೆ ಒಬ್ಬ ಹೆಂಗಸಿನ ಧ್ವನಿ ಗದ್ದಲವನ್ನು ಸೀಳಿಕೊಂಡು ಬಂತು. "ನಾನು ಏಳನೇ ಶಾಖೆ ಕ್ಯಾಷಿಯರು. ನಂಗೆ ನಿಮ್ಮ ಮೇಲೆ ಸಿಟ್ಟಿದೆ ಸಾರ್. ಹೋದ ವರ್ಷ ಷೇರುದಾರ ಬಂದಿಲ್ಲ, ಬಂದಿಲ್ಲ ಅಂತ ಹದಿನೆಂಟು ದಿನ ಹೊಟ್ಟೆ ಉರಿಸಿದ್ರಿ. ಆಮೇಲೆ ಬಂದಾಗ ಎಲ್ಲಿಗೆ ಹೋಗಿದ್ದೆ ಅಂತ ಒಂದು ಮಾತು ಕೇಳಬಾರದಾ?"

"ಮೂರನೇ ಶಾಖೆ ಸಾರ್. ಡಾಕ್ಟರ ಚೀಟಿ ಕಳಿಸಿದ್ದು ನಾನು. ಹಲ್ಲು ಕೀಳಿಸಿದ್ರೋ ಇಲ್ವೋ? ಇನ್ನೂ ಎಡಗಡೆನೇ ಅಗೀತಿದ್ದೀರಾ?"

"ಒಂಬತ್ತನೇ ಶಾಖೆ. ಬಿಸ್ಕತ್ತು ಕಳಿಸಿದ್ದು ನಿಮಗೆ. ಮುಕ್ಕಾಲು ಪಾಲು ಆ ಪಾರಿವಾಳಕ್ಕೆ ಹಾಕಿದ್ರಲ್ಲ, ನ್ಯಾಯವಾ ಇದು?"

ಆದ್ರೆ ಸಾರ್ ಮೇಜಿನ ಅಂಚು ಹಿಡಿದುಕೊಂಡರು. ಬೈಗುಳ ಒಂದಲ್ಲ, ಸಾಲುಗಟ್ಟಿ ಬರುತ್ತಿತ್ತು. ಮೇಡಂ ತಾವು ಸರಿ ಗುರುತು ಹಾಕಿದ್ದ ಹಾಳೆಯನ್ನು ಒಮ್ಮೆ ನೋಡಿದರು, ಅವರ ಮುಖವನ್ನು ಒಮ್ಮೆ ನೋಡಿದರು, ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು.

"ಸೋಮವಾರ ಎಂಟೂ ನಲವತ್ತಕ್ಕೆ ಈ ದೂರುಗಳಿಗೆಲ್ಲ ನೀವೇ ಉತ್ತರ ಹೇಳಿ ಸಾರ್," ಎಂದರು. "ನನ್ನ ಕೈಲಿ ಆಗಲ್ಲ. ಏಯ್ ಗಿಳಿ, ನೀನು ಕಾಫಿ ವಿಷಯಕ್ಕೆ ಇಲ್ಲೇ ನಿಂತಿರು."

ಆಗ ಪೆಟ್ಟಿಗೆಯೊಳಗೆ ಇನ್ನೊಬ್ಬರು ಬಂದರು. ನಿವೃತ್ತಿಯ ಹತ್ತಿರವಿದ್ದ ಹೆಂಗಸು ಇರಬೇಕು, ಒಲೆಯ ಮುಂದಿನಿಂದ ಕೂಗಿ ಅಭ್ಯಾಸವಿದ್ದ ಗಂಟಲು. "ಹನ್ನೊಂದನೇ ಶಾಖೆ. ನಂದು ಹನ್ನೊಂದು ವರ್ಷದ ದೂರು, ಬರ್ಕೊಳ್ಳಿ. ಇಷ್ಟೊಂದು ಆದರೆ ಹಾಕಿದ್ರೆ ಜನ ಏನಂತ ಅರ್ಥ ಮಾಡ್ಕೋಬೇಕು ಹೇಳಿ?"

ಆದ್ರೆ ಸಾರ್ ಗಂಟಲು ಸರಿಮಾಡಿಕೊಂಡರು. ಎರಡು ಸಲ. ಮೂರನೆಯದಕ್ಕೆ ಹೋಗಿ, ಮೂರು ವರ್ಷದಿಂದ ಒಳಗೆ ಸಿಕ್ಕಿಕೊಂಡಿದ್ದ ಏನೋ ಒಂದು ಕಿತ್ತುಕೊಂಡು ಬಂತು, ನಗುವಾಗಿ ಬಂತು. ಕಣ್ಣೀರು ಒರೆಸುತ್ತಾ, ಮೇಜು ಬಡಿಯುತ್ತಾ, ಕುರ್ಚಿ ಕಿರುಗುಟ್ಟಿಸುತ್ತಾ ಅವರು ನಕ್ಕ ಸದ್ದಿಗೆ ಹದಿನಾಲ್ಕು ಶಾಖೆಗಳ ನಗುವೂ ಸಣ್ಣದಾಯಿತು. ಎದುರಿಗೆ ನಿಂತಿದ್ದ ಗಿಳಿ ಆ ನಗುವನ್ನು ಬಾಯೊಳಗೇ ಒಂದು ಸಲ ಮಾಡಿ ನೋಡಿಕೊಂಡ. ಅದು ಮಾತ್ರ ಅವನಿಗೆ ಬರಲಿಲ್ಲ.