ಮೊದಲು ಒಣಗಲಿ

"ಏ ಅಗಸರ ಮುದುಕಿ, ಬಾಹೇರ್ ಬಸ್! ಹೊರಗ ಕೂಡು! ಉಚ್ಚಿ ನಾತ ರೂಮ್ ತುಂಬ್ಯದ!"

ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ನನ್ನ ಅತ್ತೆ ಮಾಳಮ್ಮ ಬಾಗಿಲಿನಿಂದ ಕದಲಲಿಲ್ಲ. ಹನ್ನೊಂದು ದಿನದ ನನ್ನ ಕೂಸು ಅವಳ ತೋಳಲ್ಲಿತ್ತು.

"ಅದನ್ನ ಹೇಳಾಕ ಬಂದೀನ್ರಿ ಸಾಹೇಬ. ಇದು ಹೊಕ್ಕಳ ಹುಣ್ಣಲ್ಲ. ಉಚ್ಚಿನೇ ಅದ. ನಿನ್ನಿಯಿಂದ ಮೈ ಕೆಂಡ ಆಗ್ಯದ, ಮೊಲಿ ಹಿಡದಿಲ್ಲ."

"ನೀ ಯಾವಾಗ ಡಾಕ್ಟರ್ ಆದಿ?"

ಹುಟ್ಟಿದ ಮರುದಿನವೇ ಗುಂಜೋಟಿಯಿಂದ ಬಸ್ಸು ಹಿಡಿದು ಉಮರ್ಗಾದ ಇದೇ ದವಾಖಾನೆಗೆ ತಂದಿದ್ದೆವು. ಹೊಕ್ಕಳ ಕೆಳಗೆ ಚರ್ಮವೇ ಇರಲಿಲ್ಲ, ರೂಪಾಯಿಯಗಲ ಕೆಂಪು ಮಾಂಸ ತೆರೆದು ಬಿದ್ದಿತ್ತು. ಈ ಪುಣ್ಯಾತ್ಮರು ಅರಿವೆ ಬಿಚ್ಚಲಿಲ್ಲ. ಮೇಜಿನ ಆಚೆಯಿಂದಲೇ ಮುಲಾಮು ಬರೆದರು. "ಹೊಕ್ಕಳ ಕೀವಾಗ್ಯದ, ಒಣಗ್ತದ."

ನಾವು ಲಿಂಗ ಕಟ್ಟಿಕೊಂಡ ಅಗಸರು. ಕೂಸಿಗೆ ಲಿಂಗ ಕಟ್ಟಲು ಬಂದ ಜಂಗಮ ಮಹಾಂತಯ್ಯನವರೂ ಹೊಸ್ತಿಲಲ್ಲೇ ನಿಂತರು. "ಮದಲ ಒಣಗಲಿ. ತೊಯ್ದ ಮೈಗಿ ಹೆಂಗ ಕಟ್ಟಲಿ?" ಲಿಂಗವಂತರಿಗೆ ಮೈಲಿಗೆಯಿಲ್ಲ ಅಂತ ನಮಗೆ ಹೇಳಿಕೊಟ್ಟವರೇ ಅವರು.

"ಬಾಡ್ಯಾ, ಅವನ ಧೋತರ ಒಗದು ಒಗದು ನನ್ನ ರಟ್ಟಿ ಹೋಗ್ಯಾವ," ಅಂದಳು ಅತ್ತೆ, ಅವರು ಓಣಿ ದಾಟಿದ ಮೇಲೆ.

ಕೂಸು ಒಣಗಲಿಲ್ಲ. ಅರ್ಧ ತಾಸಿಗೊಂದು ಅರಿವೆ ಬದಲಿಸುತ್ತಿದ್ದೆವು. ಅತ್ತೆ ನಲವತ್ತು ವರ್ಷ ಊರಿನ ಬಾಣಂತಿಯರ, ರೋಗಿಗಳ ಬಟ್ಟೆ ಒಗೆದವಳು. ಬಿಸಿಲಿಗೆ ಹಾಕಿದ್ದ ಅರಿವೆಯನ್ನು ಮೂಸಿ, ಬೆರಳಲ್ಲಿ ತಿಕ್ಕಿ ನೋಡಿದಳು. "ಕೀವಾದ್ರ ಅರಿವಿ ಸೆಟದು ನಿಂದರ್ತದ. ಇದು ಮೆತ್ತಗದ, ಅಂಚಿಗಿ ಉಪ್ಪಿನ ಗೆರಿ. ಉಚ್ಚಿ ಇದು, ಮೀನಲ," ಅಂದಳು ನನಗೆ. ಕೂಸನ್ನು ಬೆಳಕಿಗೆ ಹಿಡಿದಳು. ಕೆಂಪು ಮಾಂಸದ ಎರಡು ಸಣ್ಣ ತೂತುಗಳಿಂದ ತೊಟ್ಟು ತೊಟ್ಟಾಗಿ ಒಸರುತ್ತಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ.

ಈಗ ಅವಳು ಯಾರನ್ನೂ ಕೇಳದೆ ಕೂಸನ್ನು ಡಾಕ್ಟರ ಮೇಜಿನ ಮೇಲೆ ಮಲಗಿಸಿ ಅರಿವೆ ಬಿಚ್ಚಿದಳು. "ನೋಡ್ರಿ."

ಡಾಕ್ಟರು ಬಗ್ಗಿದರು. ಕರವಸ್ತ್ರ ಕೆಳಗಿಳಿಯಿತು. ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರು ಹೇಳಿದರು. "ಉಚ್ಚಿ ಚೀಲ ತೆರದು ಹೊರಗ ಬಿದ್ದದ, ಹುಟ್ಟಾ ಹಂಗ. ಈಗ ನಂಜೂ ಏರ್ಯದ." ಸೋಲಾಪುರದ ದೊಡ್ಡ ದವಾಖಾನೆಗೆ ಚೀಟಿ ಬರೆಯುತ್ತ ಗೊಣಗಿದರು. "ಅಡಾಣಿ ಮಂದಿ, ತಿಳಿಗೇಡಿಗಳು. ಎರಡು ಮೂರು ದಿನದಾಗ ತಂದಿದ್ರ ಹೊಲೀಲಾಕ ಬರ್ತಿತ್ತು."

ಅತ್ತೆ ಉಡಿಯಿಂದ ಹಳೆಯ ಚೀಟಿ ತೆಗೆದಳು. ಅದರಲ್ಲಿ ತಾರೀಖಿತ್ತು, ಮುಲಾಮಿತ್ತು, ಅವರದೇ ಸಹಿಯಿತ್ತು.

"ಎರಡನೇ ದಿನಾನೇ ತಂದಿದ್ದೆವ್ರಿ. ನೀವ ಅರಿವಿ ಬಿಚ್ಚಲಿಲ್ಲ."

"ಇಲ್ಲಿ ಕೊಡು ಅದನ್ನ." ಡಾಕ್ಟರು ಕೈ ಚಾಚಿದರು.

ಅತ್ತೆ ಚೀಟಿಯನ್ನು ಮತ್ತೆ ಉಡಿಗೆ ಸಿಕ್ಕಿಸಿ, ಆ ಚಾಚಿದ ಕೈಯಲ್ಲಿ ತೊಯ್ದ ಅರಿವೆ ಇಟ್ಟಳು.

"ಊರ ಹೊಲಸೆಲ್ಲ ನಾ ಒಗದೀನಿ. ಇದೊಂದು ನೀವ ಒಗೀರಿ."

ಬಸ್ ಸ್ಟ್ಯಾಂಡಿನಲ್ಲಿ ಕೂಸಿಗೆ ಹೊಸ ಅರಿವೆ ಸುತ್ತಿ ಸೋಲಾಪುರದ ಬಸ್ಸು ಹತ್ತಿದೆವು. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡು ಎದ್ದು ಹೋದರು. ನಾನು ಕೂಸನ್ನು ಹೊಟ್ಟೆಗೆ ಅವಚಿಕೊಂಡು ಕೂತೆ.

ನಳದುರ್ಗ ದಾಟಿದ ಮೇಲೆ ಅರಿವೆ ಬದಲಿಸಲು ಅತ್ತೆ ಕೈ ಹಾಕಿದಳು. ಹಾಕಿದ ಕೈಯನ್ನು ಕೂಸಿನ ತಣ್ಣನೆಯ ಮೈಮೇಲೆ ಹಾಗೇ ಇಟ್ಟುಕೊಂಡು ನನ್ನ ಮುಖ ನೋಡಿದಳು.

ಅರಿವೆ ಒಣಗಿತ್ತು.